ಬಿಚ್ಚುವ ಮೊದಲು ಕಿವಿಗೊಡಿ: ಹಳೆ ಟಿಲ್ಲರ್ ಇಂಜಿನ್ ಪ್ರಶ್ನೋತ್ತರ

ಮುಂಗಾರು ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಟಿಲ್ಲರ್‌ನವೇ. ವರ್ಷವಿಡೀ ಕೊಟ್ಟಿಗೆ ಮೂಲೆಯಲ್ಲಿ ಅಡಿಕೆ ಚೀಲದ ಕೆಳಗೆ ಮಲಗಿದ್ದ ಯಂತ್ರ ಗದ್ದೆಗೆ ಇಳಿಸುವ ಹೊತ್ತಿಗೇ ಮುಷ್ಕರ ಹೂಡುತ್ತದೆ. ಈ ಸಲ ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಒಂದು ಪತ್ರ ಅಮೆರಿಕದಿಂದ ಬಂದಿದೆ.

ಪ್ರಶ್ನೆ: ನಮ್ಮದು 12 ಎಚ್‌ಪಿ ಕಾಮ್ಕೊ ಟಿಲ್ಲರ್, ಅಪ್ಪ ಕೊಂಡದ್ದು. ಹೋದ ವರ್ಷ ನಾಟಿ ಮುಗಿಸಿ ನಿಲ್ಲಿಸಿದ್ದು, ಈಗ ಎಷ್ಟು ಹ್ಯಾಂಡಲ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ. ಹೊಗೆಯೂ ಬರುವುದಿಲ್ಲ. ಬಂದು ನೋಡಿದವರು ಪಂಪು, ನಾಝಲ್ ಎರಡೂ ಹೊಸದು ಹಾಕಬೇಕು ಅಂದರು. ಹಾಕಿಸಲೇ? (ಹೊಸನಗರ)

ಹಾಕಿಸಬೇಡಿ, ಸದ್ಯಕ್ಕೆ. ಡೀಸೆಲನ್ನು ಒತ್ತಡದಲ್ಲಿ ತಳ್ಳುವುದು ಪಂಪು, ಅದನ್ನು ಸಿಲಿಂಡರಿಗೆ ಸಿಂಪಡಿಸುವುದು ನಾಝಲ್. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ: ಹೊಗೆಯೂ ಬರುವುದಿಲ್ಲ ಅಂದಿದ್ದೀರಿ. ಹ್ಯಾಂಡಲ್ ಹೊಡೆಯುವಾಗ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ, ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರ್‌ವರೆಗೆ ಮುಟ್ಟಿಯೇ ಇಲ್ಲ. ಎಲ್ಲಿ ನಿಂತಿದೆ ಎಂದು ಟ್ಯಾಂಕಿನಿಂದ ಶುರುಮಾಡಿ ಹಿಂಬಾಲಿಸಿ ಹೋಗೋಣ.

ಮೊದಲು ಫಿಲ್ಟರಿನ ತಳದಿಂದ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಇಳಿಸಿ, ಹತ್ತು ನಿಮಿಷ ಅಲುಗಿಸದೆ ಇಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕು ಇಟ್ಟರೆ ಒಳಗೋಡೆ ಬೆವರುತ್ತದೆ. ಆ ನೀರು ಬಾಟಲಿಯ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ನೀರು ಕಂಡರೆ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಒರೆಸಿ, ಹೊಸ ಡೀಸೆಲ್ ಹಾಕಿ. ಆಮೇಲೆ ಗಾಳಿ ತೆಗೆಯುವುದು. ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಹರಿಯುವ ತನಕ ಬಿಡಿ, ಬಿಗಿಮಾಡಿ. ಪಂಪಿನಲ್ಲೂ ಹಾಗೇ. ಕೊನೆಗೆ ನಾಝಲ್‌ಗೆ ಹೋಗುವ ಉಕ್ಕಿನ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲ ಮಾಡಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಡಿಕಂಪ್ರೆಶನ್ ಲಿವರ್ (ವಾಲ್ವ್ ತೆರೆದಿಟ್ಟು ಆ ಒತ್ತಡ ಬಿಡುವ ಹಿಡಿ) ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ. ನಟ್ಟಿನ ಸಂದಿಯಿಂದ ಡೀಸೆಲ್ ಚಿಮ್ಮಿ ಚಿಮ್ಮಿ ಬರಬೇಕು. ಬಂದರೆ ನಿಮ್ಮ ಪಂಪಿಗೆ ಜೀವ ಇದೆ, ಹೊಸದರ ಖರ್ಚು ಉಳಿಯಿತು.

ಈಗ ನಟ್ಟು ಬಿಗಿಮಾಡಿ, ಅಕ್ಕಪಕ್ಕದವರನ್ನು ಸುಮ್ಮನಿರಿಸಿ, ನಿಧಾನ ತಿರುಗಿಸುತ್ತಾ ಕೇಳಿ. ಸರಿಯಿರುವ ನಾಝಲ್ ಎರಡು ಸುತ್ತಿಗೊಮ್ಮೆ 'ಕಿರ್ರ್' ಅನ್ನುತ್ತದೆ. ಹಳೆ ಬಾಗಿಲ ತಿರುಗಣೆಯಂಥ ಸಣ್ಣ ಸದ್ದು. ಪೈಪಿನಲ್ಲಿ ಡೀಸೆಲ್ ಬರುತ್ತಿದೆ, ಆ ಸದ್ದು ಮಾತ್ರ ಇಲ್ಲ ಅಂದರೆ ನಾಝಲ್ ಸೂಜಿ ಹಿಡಿದುಕೊಂಡಿದೆ. ಬಿಚ್ಚಿ, ಶುದ್ಧ ಡೀಸೆಲ್‌ನಲ್ಲಿ ತೊಳೆಯಿರಿ. ಬಾಡಿಯನ್ನು ಓರೆಯಾಗಿ ಹಿಡಿದು ಸೂಜಿಯನ್ನು ಮೂರರಲ್ಲೊಂದು ಭಾಗ ಹೊರಗೆಳೆದು ಬಿಟ್ಟರೆ ಅದು ತನ್ನ ಭಾರಕ್ಕೇ ಜಾರಿ ಕೆಳಗೆ ಕೂರಬೇಕು. ತಡೆತಡೆದು ಇಳಿದರೆ ಮಾತ್ರ ಬದಲಿಸಿ. ಸೂಜಿ ಮತ್ತು ಬಾಡಿ ಒಂದಕ್ಕೊಂದು ಅರೆದು ಹೊಂದಿಸಿದ ಜೋಡಿ. ಒಂದು ನಾಝಲಿನ ಸೂಜಿ ಇನ್ನೊಂದಕ್ಕೆ ಹಾಕಬಾರದು, ಎಮರಿ ಕಾಗದವನ್ನಂತೂ ಹತ್ತಿರ ತರಬಾರದು. ನಾಝಲ್ ಹೊರಗಿಟ್ಟು ಪರೀಕ್ಷಿಸುವಾಗ ಅದರ ಮುಂದೆ ಬೆರಳು ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಾಸಿವೆಯಷ್ಟು ತೂತು, ಒಳಗೆ ಕೈ ಕಳೆದುಕೊಳ್ಳುವಷ್ಟು ಕೇಡು.

ನಟ್ಟಿನಲ್ಲಿ ಏನೂ ಚಿಮ್ಮದಿದ್ದರೆ ಪಂಪಿನೊಳಗೆ ಡೀಸೆಲ್ ತಳ್ಳುವ ಪ್ಲಂಜರ್ ತುಕ್ಕಿಗೆ ಕಚ್ಚಿದೆ. ಆಗ ಪಂಪು ಇಳಿಸಿ ಒಂದು ರಾತ್ರಿ ಡೀಸೆಲ್‌ನಲ್ಲಿ ಮುಳುಗಿಸಿಡಿ. ಎಷ್ಟೋ ಪಂಪು ಅಷ್ಟಕ್ಕೇ ಬಿಟ್ಟುಕೊಟ್ಟದ್ದುಂಟು. ಪಂಪಿನ ಕೆಳಗಿನ ತೆಳು ತಗಡುಗಳನ್ನು ಒಂದೂ ಕಳೆಯದೆ ಎತ್ತಿಡಿ, ಇಂಜೆಕ್ಷನ್ ಟೈಮಿಂಗ್ ಇರುವುದು ಅವುಗಳ ದಪ್ಪದಲ್ಲಿ. ಮರಳಿ ಕೂರಿಸುವಾಗ, ಡೀಸೆಲ್ ಹೆಚ್ಚು ಕಡಿಮೆ ಮಾಡುವ ರ‍್ಯಾಕಿನ ಪಿನ್ನು ವೇಗ ಹಿಡಿತದಲ್ಲಿಡುವ ಗವರ್ನರ್‌ನ ಕವೆಯ ಒಳಗೇ ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಅದು ಹೊರಗುಳಿದರೆ ಏನಾಗುತ್ತದೆಂದು ಮುಂದೆ ಸುಳ್ಯದವರಿಗೆ ಬರೆದಿದ್ದೇನೆ, ತಪ್ಪದೆ ಓದಿ.

ಕೆಲಸ ಕಲಿಯುವ ಕಾಲದಲ್ಲಿ ನಾನೂ ಹೀಗೆಯೇ ಒಬ್ಬ ಗೇಣಿ ರೈತರ ಟಿಲ್ಲರಿಗೆ ಹೊಸ ಪಂಪು ಹಾಕಿಸಿದ್ದೆ. ಆಮೇಲೆ ತಿಳಿಯಿತು, ಫಿಲ್ಟರಿನ ವಾಷರ್ ಬಿರಿದು ಗಾಳಿ ಎಳೆಯುತ್ತಿತ್ತು, ಅಷ್ಟೇ. ಅವರು ಆ ದುಡ್ಡಿಗೆ ಕರು ಮಾರಿದ್ದರು. ಅದು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಈ ಸಲ ಕೆಲಸ ಮುಗಿದ ಮೇಲೆ ಟ್ಯಾಂಕು ಪೂರ್ತಿ ತುಂಬಿಸಿ ನಿಲ್ಲಿಸಿ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸುತ್ತಾ ಹೋಗಿ ಕಂಪ್ರೆಶನ್ ಗಟ್ಟಿಯಾಗುವ ಜಾಗದಲ್ಲಿ ಬಿಡಿ. ಅಲ್ಲಿ ಎರಡು ವಾಲ್ವೂ ಮುಚ್ಚಿರುತ್ತವೆ, ಥಂಡಿ ಗಾಳಿ ಲೈನರ್ (ಸಿಲಿಂಡರಿನ ಒಳಕೊಳವೆ) ಸೇರುವುದಿಲ್ಲ.

ಪ್ರಶ್ನೆ: ಟಿಲ್ಲರಿನ ನೀರಿನಲ್ಲಿ ಗುಳ್ಳೆ ಏಳುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ? (ಮೂಡಿಗೆರೆ)

ಯಾವಾಗ ಏಳುತ್ತದೆ ಎಂದು ಬರೆದಿಲ್ಲ. ಕೆಸರಿನಲ್ಲಿ ಅರ್ಧ ಗಂಟೆ ಹೂಡಿದ ಮೇಲೆ ಏಳುವುದು ನೀರಿನ ಕುದಿ. ನೀರು ಕಡಿಮೆಯಾಗಿದೆಯೇ, ಒಳಗೆ ಕಿಟ್ಟ ಕಟ್ಟಿದೆಯೇ ನೋಡಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದ ಒಂದು ನಿಮಿಷದೊಳಗೆ ಒಂದೇ ಲಯದಲ್ಲಿ ಗುಳ್ಳೆ ಬಂದರೆ ಅದು ಸಿಲಿಂಡರಿನ ಗ್ಯಾಸು. ಆಗ ಹೆಡ್ (ಸಿಲಿಂಡರಿನ ಮುಚ್ಚಳ) ಇಳಿಸಿ, ಗ್ಯಾಸ್ಕೆಟ್ ಹಾಕುವ ಮೊದಲು ಹೆಡ್ಡಿನ ಮುಖ ಸಪಾಟಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ನೋಡಿ. ಡೊಂಕಾದ ಹೆಡ್ಡಿಗೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಅಷ್ಟೇ. ಹಳ್ಳದ ಕೆಂಪು ನೀರು ತುಂಬಿಸುವ ಅಭ್ಯಾಸವಿದ್ದರೆ ಬಿಡಿ, ಬಾವಿ ನೀರು ಹಾಕಿ.

ಪ್ರಶ್ನೆ: ನಮ್ಮ ಶಕ್ತಿ ಟಿಲ್ಲರಿಗೆ ಎರಡು ವರ್ಷದಲ್ಲಿ ಎರಡು ಸಲ ಲೈನರ್, ಪಿಸ್ಟನ್, ರಿಂಗ್ ಹಾಕಿಸಿದೆ. ಮತ್ತೆ ನೀಲಿ ಹೊಗೆ, ಆಯಿಲ್ ಕುಡಿಯುತ್ತಿದೆ. ಗುಜರಿಗೆ ಕೊಟ್ಟುಬಿಡಲೇ? (ಎನ್.ಆರ್.ಪುರ)

ಕೊಡಬೇಡಿ. ಹೊಸ ಲೈನರ್ ಒಂದೇ ವರ್ಷದಲ್ಲಿ ಸವೆಯುತ್ತದೆ ಎಂದರೆ ಸವೆಸುವ ಯಾವುದೋ ವಸ್ತು ಒಳಗೆ ಹೋಗುತ್ತಿದೆ. ನೂರಕ್ಕೆ ತೊಂಬತ್ತು ಪಾಲು ಅದು ದೂಳು. ಎರಡು ಸಲವೂ ಸವೆದದ್ದನ್ನು ಬದಲಿಸಿದ್ದಾರೆ, ದೂಳು ಬರುವ ದಾರಿ ಹಾಗೇ ಉಳಿದಿದೆ.

ಏರ್ ಕ್ಲೀನರಿನಿಂದ ಹೆಡ್ಡಿಗೆ ಹೋಗುವ ರಬ್ಬರ್ ಬೆಂಡನ್ನು ಬಿಚ್ಚಿ ಕೈಯಲ್ಲಿ ಬಗ್ಗಿಸಿ ನೋಡಿ. ಕೂತಲ್ಲಿ ಚೆನ್ನಾಗಿಯೇ ಕಾಣುತ್ತದೆ, ಬಗ್ಗಿಸಿದಾಗ ಮಡಿಕೆಯಲ್ಲಿ ಬಿರುಕು ಬಾಯಿ ತೆರೆಯುತ್ತದೆ. ಒಳಗೆ ಬೆರಳಾಡಿಸಿ. ಬೆರಳಿಗೆ ನುಣ್ಣನೆ ಕೆಂಪು ಹುಡಿ ಅಂಟಿದರೆ ಕಳ್ಳ ಸಿಕ್ಕ. ಕ್ಲಿಪ್ಪು ಬಿಗಿಯಿದೆಯೇ, ಆಯಿಲ್ ಬಟ್ಟಲಿನಲ್ಲಿ ಗುರುತಿನವರೆಗೆ ಆಯಿಲ್ ಇದೆಯೇ, ತಳದಲ್ಲಿ ಕೆಸರು ಕೂತಿದೆಯೇ ನೋಡಿ. ಅಡಿಕೆ ತೋಟಕ್ಕೆ ಒಣ ಮಣ್ಣು ಸಾಗಿಸುವ ಬೇಸಿಗೆಯ ದಿನಗಳಲ್ಲಿ ಆ ಬಟ್ಟಲನ್ನು ದಿನಾ ಸಂಜೆ ತೊಳೆಯಬೇಕು. ಗದ್ದೆಯ ನೀರಿನಲ್ಲಿ ಓಡುವಾಗ ಹಾಳಾಗದ ಇಂಜಿನ್ ಟ್ರೈಲರ್ ಎಳೆಯುವಾಗ ಹಾಳಾಗುವುದು ಇದಕ್ಕೇ.

ರಿಂಗಿನದೋ ವಾಲ್ವಿನದೋ ಎಂದು ಬಿಚ್ಚದೆ ತಿಳಿಯಲು ಒಂದು ದಾರಿಯಿದೆ. ಇನ್‌ಲೆಟ್ ಬಾಯಿಗೆ ಒಂದೇ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಡೀಸೆಲ್ ಬಂದ್ ಮಾಡಿ, ನಾಲ್ಕು ಸುತ್ತು ಹ್ಯಾಂಡಲ್ ತಿರುಗಿಸಿ. ಕಂಪ್ರೆಶನ್ ಥಟ್ಟನೆ ಗಟ್ಟಿಯಾದರೆ ರಿಂಗು, ಲೈನರ್ ಸವೆದಿದೆ. ಏನೂ ವ್ಯತ್ಯಾಸವಾಗದಿದ್ದರೆ ವಾಲ್ವ್ ಸೀಟು. ಒಂದು ಚಮಚಕ್ಕಿಂತ ಹೆಚ್ಚು ಬಿಡಬೇಡಿ.

ಗುಜರಿಯ ಮಾತು ಬಂತೆಂದು ಹೇಳುತ್ತೇನೆ. ನಿಮ್ಮ ಶಕ್ತಿ ಟಿಲ್ಲರ್ ಮಾಡುವ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಶುರುವಾದದ್ದು 1967ರಲ್ಲಿ, ಜಪಾನಿನ ಮಿತ್ಸುಬಿಷಿಯ ಸಹಕಾರದಲ್ಲಿ ಅದರ ಟಿಲ್ಲರ್ ಬಂತು. ಕುಬೋಟ ಇಂಜಿನ್ನಿನ ಕಾಮ್ಕೊ ಕೇರಳ ಸರ್ಕಾರದ್ದು, 1973ರದು. ಅದು ಇರುವುದು ಎರ್ನಾಕುಲಂ ಜಿಲ್ಲೆಯ ಅತ್ತಾಣಿಯಲ್ಲಿ. ನಮ್ಮ ಬೆಳಗಾವಿಯ ಅಥಣಿ ಎಂದು ತಿಳಿದು ಬಿಡಿಭಾಗ ಹುಡುಕಲು ಹೊರಟವರನ್ನು ನೋಡಿದ್ದೇನೆ. ಎರಡೂ ಯಂತ್ರಗಳ ಲೈನರ್ ಕಳಚಿ ಹೊಸದು ಹಾಕುವಂಥದ್ದು. ರಿಪೇರಿ ಮಾಡಿಕೊಂಡು ಬಳಸಲಿ ಎಂದೇ ಕಟ್ಟಿದ ಯಂತ್ರ ಇದು.

ಪ್ರಶ್ನೆ: ಮೊನ್ನೆ ನಮ್ಮ ಟಿಲ್ಲರ್ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಿಕೊಂಡು ಓಡತೊಡಗಿತು. ಆಕ್ಸಿಲರೇಟರ್ ಇಳಿಸಿದರೂ ನಿಲ್ಲಲಿಲ್ಲ. ಹೆದರಿ ದೂರ ಓಡಿದೆವು. ಕೊನೆಗೆ ತಾನೇ ನಿಂತಿತು. ಮತ್ತೆ ಮುಟ್ಟಲು ಧೈರ್ಯವಿಲ್ಲ. (ಸುಳ್ಯ)

ದೂರ ಓಡಿದ್ದು ತಪ್ಪಲ್ಲ. ಡೀಸೆಲ್ ಇಂಜಿನ್ ಹೀಗೆ ಕೈಮೀರಿ ಓಡುವುದನ್ನು ನಾನು ನಾಲ್ಕು ಸಲ ನೋಡಿದ್ದೇನೆ, ನಾಲ್ಕನ್ನೂ ಮರೆತಿಲ್ಲ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ತಪ್ಪಿಸಿದರೆ ನಿಲ್ಲುತ್ತದೆ. ಡೀಸೆಲ್ ಇಂಜಿನ್ನಿಗೆ ಉರಿಯುವ ಏನಾದರೂ ಸಿಗುತ್ತಿದ್ದು, ಗಾಳಿಯೂ ಸಿಗುತ್ತಿದ್ದರೆ ಅದು ತನ್ನ ಕೈಲಾದಷ್ಟು ವೇಗಕ್ಕೆ ಹೋಗುತ್ತಲೇ ಇರುತ್ತದೆ. ಹೆಚ್ಚಾದ ವೇಗಕ್ಕೆ ಕನೆಕ್ಟಿಂಗ್ ರಾಡ್ ತುಂಡಾಗಬಹುದು, ಫ್ಲೈವೀಲ್ ಒಡೆದು ಸಿಡಿಯಬಹುದು.

ಕಾರಣ ಎರಡು ಬಗೆ, ಹೊಗೆ ನೋಡಿ ಹೇಳಬಹುದು. ಕಪ್ಪು ಹೊಗೆ ಬಂದಿದ್ದರೆ ಡೀಸೆಲ್ಲೇ ಮಿತಿಮೀರಿ ಹೋಗಿದೆ: ರ‍್ಯಾಕ್ ತುಕ್ಕು ಹಿಡಿದು ಪೂರ್ತಿ ತೆರೆದ ಜಾಗದಲ್ಲಿ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ಪಂಪು ಬಿಚ್ಚಿ ಕೂರಿಸುವಾಗ ಅದರ ಪಿನ್ನು ಗವರ್ನರ್ ಕವೆಯಿಂದ ಹೊರಗುಳಿದಿದೆ. ದಟ್ಟ ನೀಲಿ ಹೊಗೆ ಬಂದಿದ್ದರೆ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡಿದೆ. ಇಂಜಿನ್ ತಳದ ಸಂಪಿನಲ್ಲಿ ಅಥವಾ ಏರ್ ಕ್ಲೀನರಿನ ಬಟ್ಟಲಿನಲ್ಲಿ ಗುರುತು ಮೀರಿ ಆಯಿಲ್ ತುಂಬಿದಾಗ ಆಗುವುದು ಇದು. ತಾನೇ ನಿಂತಿತು ಎಂದಿದ್ದೀರಿ. ಬಟ್ಟಲಿನ ಹೆಚ್ಚುವರಿ ಆಯಿಲ್ ಮುಗಿದು ನಿಂತಿರಬೇಕು ಎಂದು ನನ್ನ ಅಂದಾಜು. ಬಟ್ಟಲು ಬಿಚ್ಚಿ ನೋಡಿ, ತಿಳಿಯುತ್ತದೆ.

ಒಮ್ಮೆ ಆಗುಂಬೆ ದಾರಿಯ ಗದ್ದೆಯೊಂದರಲ್ಲಿ, ಮಳೆ ಹೊಯ್ಯುತ್ತಿದ್ದಾಗ, ಹೀಗೇ ಆಯಿತು. ಹೊಸ ಆಳು ಬಟ್ಟಲಿನ ಬಾಯಿಯವರೆಗೆ ಆಯಿಲ್ ತುಂಬಿದ್ದ. ಒಬ್ಬರು ಹೆಗಲ ಮೇಲಿನ ಟವೆಲನ್ನು ಏರ್ ಪೈಪಿಗೆ ಒತ್ತಿದರು, ಇಂಜಿನ್ ಟವೆಲಿನ ಚೂರನ್ನೂ ಒಳಗೆ ಎಳೆದುಕೊಂಡಿತು. ಆಮೇಲೆ ಅಡಿಕೆ ಸುಲಿಯುವ ಮಣೆ ತಂದು ಪೈಪಿನ ಬಾಯಿಗೆ ಒತ್ತಿ ಹಿಡಿದಾಗ ಎರಡು ಉಸಿರಿನಲ್ಲಿ ನಿಂತಿತು. ಅಂದಿನಿಂದ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಒಂದು ಗಟ್ಟಿ ಹಲಗೆ ತುಂಡು ಇದ್ದೇ ಇರುತ್ತದೆ.

ನಿಮ್ಮ ಯಂತ್ರ ಮತ್ತೆ ಸ್ಟಾರ್ಟ್ ಮಾಡುವ ಮೊದಲು ಸಂಪಿನ ಆಯಿಲ್ ಕಡ್ಡಿ ಎಳೆದು ನೋಡಿ, ಬಟ್ಟಲು ನೋಡಿ, ರ‍್ಯಾಕ್ ಬೆರಳಿಗೆ ಸರಾಗ ಆಡುತ್ತದೆಯೇ ನೋಡಿ. ಒಬ್ಬರು ಹಲಗೆ ಹಿಡಿದು ಏರ್ ಕ್ಲೀನರ್ ಪಕ್ಕ ನಿಲ್ಲಲಿ, ಫ್ಲೈವೀಲಿನ ನೇರಕ್ಕೆ ಯಾರೂ ನಿಲ್ಲುವುದು ಬೇಡ. ಡೀಸೆಲ್ಲಿನಿಂದಲೇ ಓಡುತ್ತಿದ್ದರೆ ನಾಝಲ್ ಪೈಪಿನ ನಟ್ಟು ಸಡಿಲಿಸಿದರೂ ನಿಲ್ಲುತ್ತದೆ. ಡಿಕಂಪ್ರೆಶನ್ ಲಿವರನ್ನು ದಿನನಿತ್ಯ ಇಂಜಿನ್ ನಿಲ್ಲಿಸಲು ಬಳಸಬಾರದು, ವಾಲ್ವಿಗೆ ಕೇಡು. ಆದರೆ ಇಂಥ ಹೊತ್ತಿನಲ್ಲಿ ವಾಲ್ವಿನ ಯೋಚನೆ ಮಾಡಬೇಡಿ, ಎಳೆಯಿರಿ.

ಪ್ರಶ್ನೆ: ನಾನು ಸಾಗರದವನು, ಓಹಾಯೋದಲ್ಲಿದ್ದೇನೆ. ಅಪ್ಪ ನಿಮ್ಮ ಅಂಕಣದ ಫೋಟೊ ತೆಗೆದು ಕಳಿಸುತ್ತಾರೆ. ಕೊಂಡ ಮನೆಯ ಜೊತೆ 1960ರ ದಶಕದ ಕಬ್ ಕೆಡೆಟ್ 122 ಗಾರ್ಡನ್ ಟ್ರ್ಯಾಕ್ಟರ್ ಬಂತು. 12 ಎಚ್‌ಪಿ ಕೋಲರ್ ಇಂಜಿನ್. ಇಪ್ಪತ್ತೈದು ನಿಮಿಷ ಹುಲ್ಲು ಕತ್ತರಿಸಿ ಥಟ್ಟನೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಕಾರ್ಬುರೇಟರ್ ಎರಡು ಸಲ ತೊಳೆದೆ.

ನೀವು ಕಳಿಸಿದ ವಿಡಿಯೊವನ್ನು ಹತ್ತು ಸಲ ಕೇಳಿದೆ. ಒಳ್ಳೆಯ ಯಂತ್ರ. ಇಂಟರ್‌ನ್ಯಾಶನಲ್ ಹಾರ್ವೆಸ್ಟರ್‌ನವರು 1961ರಲ್ಲಿ ಮಾರಲು ಶುರುಮಾಡಿದ ಸಾಲಿನದು. ನಮ್ಮಲ್ಲಿ ತೋಟಕ್ಕೆ ನೀರೆತ್ತುತ್ತಿದ್ದ ಹಳೆ ವಿಲಿಯರ್ಸ್ ಸೀಮೆಎಣ್ಣೆ ಇಂಜಿನ್ನಿನಂತೆ ಇದೂ ಸೈಡ್ ವಾಲ್ವ್, ಗಾಳಿಯಿಂದ ತಣಿಯುವಂಥದ್ದು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ನಿಂತ ಮೇಲಿನ ಮೊದಲ ಎರಡು ನಿಮಿಷದಲ್ಲೇ ಕಾಯಿಲೆ ಸಿಗುವುದು. ತಣ್ಣಗಾದ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದ್ದರಿಂದ ಪ್ಲಗ್ ಬಿಚ್ಚುವ ಪಾನ ಜೇಬಿನಲ್ಲಿಟ್ಟುಕೊಂಡೇ ಹುಲ್ಲು ಕತ್ತರಿಸಿ. ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ. 'ಫುಸ್' ಎಂದು ಗಾಳಿ ಒಳಗೆಳೆದರೆ ಮುಚ್ಚಳದ ಸಣ್ಣ ತೂತು ಕಟ್ಟಿದೆ, ಕೆಲಸ ಮುಗಿಯಿತು. ಹಾಗಾಗದಿದ್ದರೆ ಬಿಸಿ ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಲೋಹಕ್ಕೆ ತಾಗಿಸಿ ಸ್ಟಾರ್ಟರ್ ಒತ್ತಿ. ಕಿಡಿ ಇಲ್ಲದಿದ್ದರೆ ಅಥವಾ ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರ್, ಅದಾದ ಮೇಲೆ ಕಾಯಿಲ್. ಬಿಸಿಗೆ ಸೋಲುವುದು ಇವೆರಡೇ, ಅಗ್ಗದ್ದು ಕಂಡೆನ್ಸರ್, ಅದನ್ನು ಮೊದಲು ಬದಲಿಸಿ. ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಇರುವುದು ಇಂಜಿನ್ ಪಕ್ಕದ ಸಣ್ಣ ಮುಚ್ಚಳದ ಕೆಳಗೆ, ಫ್ಲೈವೀಲ್ ಬಿಚ್ಚಬೇಕಾಗಿಲ್ಲ. ಸಂದು 0.020 ಇಂಚು, ನಮ್ಮ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್.

ಕಿಡಿ ನೀಲಿಯಾಗಿ ಚಟಚಟ ಹಾರುತ್ತಿದ್ದರೆ ಕಂಪ್ರೆಶನ್ ನೋಡಿ. ಈ ಇಂಜಿನ್ನಿನಲ್ಲಿ ಸ್ಟಾರ್ಟ್ ಮಾಡುವಾಗ ಕಂಪ್ರೆಶನ್ ತಾನೇ ಸ್ವಲ್ಪ ಬಿಡುವ ಏರ್ಪಾಟಿದೆ. ಆದ್ದರಿಂದ ಸ್ವಿಚ್ ಆಫ್ ಮಾಡಿ ಫ್ಲೈವೀಲನ್ನು ಹಿಮ್ಮುಖವಾಗಿ ಕೈಯಲ್ಲಿ ತಿರುಗಿಸಿ ನೋಡಬೇಕು. ತಣ್ಣಗಿದ್ದಾಗ ಗಟ್ಟಿ, ಬಿಸಿಯಿದ್ದಾಗ ಸಡಿಲ ಅನಿಸಿದರೆ ವಾಲ್ವ್ ಸಂದು ಸಾಲದು, ಬಿಸಿಗೆ ಹಿಗ್ಗಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಏನೇ ಇರಲಿ, ಮೇಲಿನ ತಗಡಿನ ಹೊದಿಕೆಯನ್ನು ಒಮ್ಮೆ ಬಿಚ್ಚಿ. ಬಿಸಿ ಹೊರಬಿಡುವ ಫಿನ್ನುಗಳ ನಡುವೆ ಹುಲ್ಲು, ಇಲಿ ಗೂಡು ತುಂಬಿರುವ ಸಾಧ್ಯತೆ ಬಹಳ.

ಪೆಟ್ರೋಲ್ ಬಗ್ಗೆ ಒಂದು ಮಾತು, ಇದು ನಮ್ಮೂರಿನವರಿಗೂ. ನಿಮ್ಮಲ್ಲಿ ಸಾಮಾನ್ಯ ಪೆಟ್ರೋಲ್‌ನಲ್ಲಿ ನೂರಕ್ಕೆ 10 ಪಾಲು ಎಥನಾಲ್. ನಮ್ಮಲ್ಲಿ 20 ಪಾಲಿನದು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಸ್ಪ್ರೇಯರ್, ಹುಲ್ಲು ಕತ್ತರಿಸುವ ಯಂತ್ರ, ಹಳೆ ಪಂಪು ಯಾವುದೇ ಇರಲಿ, ಹಂಗಾಮು ಮುಗಿದ ಮೇಲೆ ಟ್ಯಾಂಕು ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ ಇಡಿ. ಡೀಸೆಲ್ ಟ್ಯಾಂಕು ತುಂಬಿಸಿ ಇಡುವುದು, ಪೆಟ್ರೋಲಿನದು ಖಾಲಿ ಮಾಡಿ ಇಡುವುದು.

ಪ್ರಶ್ನೆ: ಯಜಮಾನರಿಗೆ ಸೊಂಟದ ಆಪರೇಷನ್ ಆಗಿದೆ, ಹ್ಯಾಂಡಲ್ ಹೊಡೆಯುವ ಹಾಗಿಲ್ಲ. ಮಗ ಬೆಂಗಳೂರಿನಲ್ಲಿ. ನಾನು 12 ಎಚ್‌ಪಿ ಟಿಲ್ಲರ್ ಸ್ಟಾರ್ಟ್ ಮಾಡಲು ಸಾಧ್ಯವೇ? ಎಲ್ಲರೂ ಗಂಡಸರ ಕೆಲಸ ಅನ್ನುತ್ತಾರೆ. (ಸಿದ್ದಾಪುರ, ಉತ್ತರ ಕನ್ನಡ)

ಸಾಧ್ಯ, ತಂಗಿ. ನಮ್ಮ ಮನೆಯ ಟಿಲ್ಲರನ್ನು ಎಷ್ಟೋ ವರ್ಷದಿಂದ ನನ್ನ ಹೆಂಡತಿಯೇ ಸ್ಟಾರ್ಟ್ ಮಾಡುತ್ತಾಳೆ. ಶಕ್ತಿ ಇರುವುದು ಫ್ಲೈವೀಲಿನಲ್ಲಿ. ಅದಕ್ಕೆ ವೇಗ ತುಂಬಿಸಿ ಕೊಡುವುದಷ್ಟೇ ನಮ್ಮ ಕೆಲಸ.

ಗೇರ್ ನ್ಯೂಟ್ರಲ್, ಕ್ಲಚ್ ಬಿಡಿಸಿರಬೇಕು. ಸೆರಗು, ಜಡೆ ಬಿಗಿಯಾಗಿ ಕಟ್ಟಿ. ಬೆಲ್ಟು ಯಾರನ್ನೂ ನೋಡುವುದಿಲ್ಲ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿಯಬೇಡಿ, ಹಿಂದಕ್ಕೆ ಒದ್ದರೆ ಕೈ ತಾನೇ ಜಾರಿ ಹೊರಬರಬೇಕು. ಎಡಗೈಯಲ್ಲಿ ಡಿಕಂಪ್ರೆಶನ್ ಲಿವರ್ ಎತ್ತಿ ಹಿಡಿದು ಬಲಗೈಯಲ್ಲಿ ಹತ್ತು ಸುತ್ತು ನಿಧಾನ. ಇದು ಆಯಿಲ್ ಮೇಲೆ ಏರಲು. 'ಕಿರ್ರ್' ಸದ್ದು ಕೇಳಲಿ. ಆಮೇಲೆ ವೇಗ ಹೆಚ್ಚಿಸುತ್ತಾ ಹೋಗಿ, ಇನ್ನು ಹೆಚ್ಚಲಾರದು ಅನಿಸಿದ ಕ್ಷಣ ಲಿವರ್ ಬಿಟ್ಟುಬಿಡಿ, ತಿರುಗಿಸುವುದನ್ನು ಮಾತ್ರ ಬಿಡಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಲಿವರ್ ಬಿಟ್ಟ ಕೂಡಲೇ ಹೆದರಿ ಕೈ ನಿಧಾನ ಮಾಡುತ್ತಾರೆ. ಇನ್ನೆರಡು ಸುತ್ತು ದಾಟಿಸಿದರೆ ಇಂಜಿನ್ ಹಿಡಿದುಕೊಳ್ಳುತ್ತದೆ, ಹ್ಯಾಂಡಲನ್ನು ಅದೇ ಹೊರಗೆ ತಳ್ಳುತ್ತದೆ.

ಮಳೆಗಾಲದ ಬೆಳಿಗ್ಗೆ ಹಂಡೆಯಿಂದ ಒಂದು ದೊಡ್ಡ ಪಾತ್ರೆ ಬಿಸಿನೀರು ತಂದು, ತಣ್ಣೀರು ಇಳಿಸಿ ಅದನ್ನು ತುಂಬಿಸಿ. ಇಂಜಿನ್ ಬೆಚ್ಚಗಾದರೆ ಅರ್ಧ ಶ್ರಮ ಉಳಿಯುತ್ತದೆ. ಪೆಟ್ರೋಲ್ ಅದ್ದಿದ ಅರಿವೆಯನ್ನು ಏರ್ ಪೈಪಿಗೆ ಹಿಡಿಯುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಹ್ಯಾಂಡಲ್ ಹಿಂದಕ್ಕೆ ಒದೆಯುವುದು, ಬೆಂಕಿ ಹಿಡಿಯುವುದು ಎರಡೂ ಅದರಿಂದಲೇ.

ಮೊದಲ ಅಭ್ಯಾಸ ಬೇರೆಯವರು ಸ್ಟಾರ್ಟ್ ಮಾಡಿ ನಿಲ್ಲಿಸಿದ ಬಿಸಿ ಇಂಜಿನ್ ಮೇಲೆ ಮಾಡಿ. ಅದಕ್ಕೂ ಮೊದಲು ಹ್ಯಾಂಡಲ್ ಮೂತಿಯ ಕಚ್ಚಿನ ಫೋಟೊ ಒಂದು ನನಗೆ ಕಳಿಸಿ. ಅದು ಸವೆದು ಮುಳ್ಳೆದ್ದಿದ್ದರೆ ಇಂಜಿನ್ ಹಿಡಿದ ಮೇಲೂ ಹೊರಬರದೆ ಜೊತೆಯಲ್ಲೇ ತಿರುಗುತ್ತದೆ, ಮುಂಗೈ ಮುರಿಯುತ್ತದೆ. ಅರದಿಂದ ಉಜ್ಜಿ, ಗ್ರೀಸ್ ಹಚ್ಚಿದ ಮೇಲೆಯೇ ಕೈ ಹಾಕಿ.